ಇಟಲಿಯಲ್ಲಿ ಪಿಜ್ಜಾಕ್ಕೆ ಕೂತಾಗ: ಯಾವುದು ಎಡವಟ್ಟು, ಯಾವುದು ಪದ್ಧತಿ

ಇಟಲಿಗೆ ಬಂದ ನಮ್ಮವರು ಪಿಜ್ಜೇರಿಯಾದಿಂದ ಹೊರಬಂದು ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ನಡುವೆ ಹಸಿಹಸಿ ಇತ್ತು, ಅಂಚು ಸೀದುಹೋಗಿತ್ತು, ಕತ್ತರಿಸಿ ಕೊಡಲಿಲ್ಲ, ಸಾಸ್ ಪ್ಯಾಕೆಟ್ ಇಲ್ಲ, ತಿಂದು ಮುಗಿಸಿ ಅರ್ಧ ಗಂಟೆ ಕೂತರೂ ಬಿಲ್ ತರಲಿಲ್ಲ, ಕೊನೆಗೆ ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ಯಾವುದೋ ದುಡ್ಡು ಸೇರಿಸಿದ್ದರು. ಇವುಗಳಲ್ಲಿ ಬಹುಪಾಲು ಇಲ್ಲಿಯ ಪದ್ಧತಿ. ನಿಜವಾದ ಎಡವಟ್ಟುಗಳು ಬೇರೆ ಇವೆ, ಅವು ಹೊಸಬರ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ಹೊತ್ತಿನ ವಿಚಾರ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳು ಅಥವಾ ಏಳೂವರೆಯ ಮೇಲೆ. ನಡುವಿನ ಹೊತ್ತಲ್ಲಿ, ಪ್ರವಾಸಿಗರ ಬೀದಿ ಬಿಟ್ಟರೆ, ಒಲೆ ಉರಿಯುತ್ತಿರುವುದಿಲ್ಲ. ಅನೇಕ ಕಡೆ ಮಧ್ಯಾಹ್ನ ಪಿಜ್ಜಾನೇ ಇಲ್ಲ, ರಾತ್ರಿ ಮಾತ್ರ. ಸಂಜೆ ಐದಕ್ಕೆ ಮಕ್ಕಳು ಹಸಿದರೆ ಹೋಗಬೇಕಾದ್ದು ‘ಪಿಜ್ಜಾ ಅಲ್ ತಾಲ್ಯೊ’ ಅಂಗಡಿಗೆ. ಅಲ್ಲಿ ದೊಡ್ಡ ತಟ್ಟೆಯ ಪಿಜ್ಜಾವನ್ನು ಕತ್ತರಿಯಿಂದ ಕತ್ತರಿಸಿ, ತೂಕಕ್ಕೆ ಮಾರುತ್ತಾರೆ. ಗಾಜಿನ ಮೇಲೆ ಬರೆದಿರುವ ದರ ಒಂದು ತುಂಡಿಗಲ್ಲ, ಒಂದು ಕಿಲೋಗೆ, ಇಲ್ಲವೇ ‘ಎತ್ತೊ’ಗೆ, ಅಂದರೆ 100 ಗ್ರಾಮಿಗೆ. ಬೋರ್ಡಿನಲ್ಲಿ 1.80 ಕಂಡು ಅಗ್ಗ ಅಂದುಕೊಂಡವರಿಗೆ 300 ಗ್ರಾಮ್ ತುಂಡಿಗೆ 5.40 ಯುರೊ ಬಿಲ್ ಆಗುತ್ತದೆ. ಎಷ್ಟು ಬೇಕೆಂದು ಕೈಯಲ್ಲಿ ಅಳತೆ ತೋರಿಸಿ, ಕತ್ತರಿ ಎಲ್ಲಿ ಬರಬೇಕು ಅಂತ ಅವರೇ ಕೇಳುತ್ತಾರೆ.

ಕೂತು ತಿನ್ನುವ ಪಿಜ್ಜೇರಿಯಾದಲ್ಲಿ ಖಾಲಿ ಮೇಜು ಕಂಡ ಕೂಡಲೇ ಹೋಗಿ ಕೂರಬಾರದು. ಬಾಗಿಲ ಹತ್ತಿರ ನಿಂತರೆ ‘ಎಷ್ಟು ಜನ’ ಅಂತ ಕೇಳಿ ಕರೆದೊಯ್ಯುತ್ತಾರೆ. ನೀರು ಬೇಕಾ ಅಂದರೆ ಅದು ಬಾಟಲಿ ನೀರು: ‘ನತುರಾಲೆ’ ಅಂದರೆ ಸಾದಾ, ‘ಫ್ರಿಜ್ಜಾಂತೆ’ ಅಂದರೆ ಗ್ಯಾಸ್ ಇರುವುದು. ಪಿಜ್ಜಾ ಒಬ್ಬರಿಗೊಂದು. ಮೂವರು ಸೇರಿ ಒಂದು ಆರ್ಡರ್ ಮಾಡಿದರೆ ಮುಖ ಸಪ್ಪಗಾಗುತ್ತದೆ, ಮೂವರ ಕೊಪೆರ್ತೊ, ಅಂದರೆ ತಲೆಗಿಷ್ಟು ಅಂತ ಹಾಕುವ ಮೇಜಿನ ಶುಲ್ಕ, ಹೇಗೂ ಬೀಳುತ್ತದೆ. ಬೇರೆ ಬೇರೆ ಹೇಳಿ ತುಂಡು ಬದಲಾಯಿಸಿಕೊಂಡರೆ ಯಾರ ತಕರಾರೂ ಇಲ್ಲ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಧಾನಿಸಿ. ಮೆನುವಿನ ಹೆಸರುಗಳೇ ದಾರಿ ತಪ್ಪಿಸುತ್ತವೆ. ‘ಪೆಪೆರೋನಿ’ ಅಂದರೆ ಇಟಲಿಯಲ್ಲಿ ದಪ್ಪ ಮೆಣಸಿನಕಾಯಿ, ಅಂದರೆ ನಮ್ಮ ಕ್ಯಾಪ್ಸಿಕಂ. ಅಮೆರಿಕದವರು ಪೆಪರೋನಿ ಅನ್ನುವ ಮಾಂಸದ ಬಿಲ್ಲೆಗೆ ಇಲ್ಲಿ ‘ಸಲಾಮೆ ಪಿಕ್ಕಾಂತೆ’ ಅನ್ನುತ್ತಾರೆ, ಅದು ಬರುವುದು ‘ದಿಯಾವೊಲಾ’ ಪಿಜ್ಜಾದಲ್ಲಿ. ರೋಮ್ ಮುಂತಾದ ಬೇರೆ ಊರುಗಳಲ್ಲಿ ‘ನಾಪೊಲಿ’ ಅಂದರೆ ಅಂಚೊವಿ ಮೀನು ಹಾಕಿದ್ದು. ಅದನ್ನೇ ನಾಪೊಲಿಯಲ್ಲಿ, ಅಂದರೆ ನೇಪಲ್ಸ್‌ನಲ್ಲಿ, ‘ರೊಮಾನಾ’, ಅಂದರೆ ರೋಮಿನದು, ಅನ್ನುತ್ತಾರೆ. ಎರಡೂ ಊರಿನವರು ಮೀನನ್ನು ಪಕ್ಕದೂರಿನವರ ತಲೆಗೆ ಕಟ್ಟಿದ್ದಾರೆ ಅಂದುಕೊಳ್ಳಿ. ‘ಕಪ್ರಿಚೋಜಾ’, ‘ಕ್ವಾತ್ರೊ ಸ್ತಜೋನಿ’ ಎರಡರಲ್ಲೂ ಅಣಬೆಯ ಜೊತೆ ಹಂದಿಮಾಂಸದ ಹ್ಯಾಮ್ ಇರುತ್ತದೆ. ‘ಎನ್ದುಯಾ’ ಅನ್ನುವುದು ನೋಡಲು ಥೇಟ್ ಕೆಂಪು ಮೆಣಸಿನ ಚಟ್ನಿ, ಆದರೆ ಅದು ಕಲಾಬ್ರಿಯಾ ಪ್ರಾಂತ್ಯದ ಹಂದಿಮಾಂಸದ ಮುದ್ದೆ. ಎಣ್ಣೆಯಲ್ಲಿ ಕರಿದ ಪಿಜ್ಜಾ ‘ಫ್ರಿತ್ತಾ’ದೊಳಗೆ ರಿಕೊತ್ತಾ ಚೀಸಿನ ಜೊತೆ ಹಂದಿಯ ಕೊಬ್ಬಿನ ಚೂರು ಇರುವುದೇ ರೂಢಿ.

‘ಮಾಂಸ ಬೇಡ’ ಅಂದರೆ ಸಾಕಾಗುವುದಿಲ್ಲ. ಅನೇಕರ ಮಾತಿನಲ್ಲಿ ‘ಕಾರ್ನೆ’ ಅಂದರೆ ಬರೀ ಮಾಂಸ. ಹ್ಯಾಮ್, ಮೀನು ಅದರಲ್ಲಿ ಸೇರಿರುವುದಿಲ್ಲ. ‘ಸೆನ್ಸಾ ಕಾರ್ನೆ, ಸೆನ್ಸಾ ಪ್ರೊಶುತ್ತೊ, ಸೆನ್ಸಾ ಪೆಶೆ’ ಅಂತ ಮೂರನ್ನೂ ಬಿಡಿಬಿಡಿಯಾಗಿ ಹೇಳಿ. ಚೀಸಿನ ವಿಷಯದಲ್ಲಿ ಕಟ್ಟುನಿಟ್ಟು ಇದ್ದವರಿಗೆ ಇನ್ನೊಂದು ಮಾತು: ಪಾರ್ಮಿಜಾನೊ ರೆಜ್ಜಾನೊ ಮಾಡುವಾಗ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಪೆಕೊರೀನೊ ರೊಮಾನೊಗೆ ಕುರಿಮರಿಯದು. ಇಲ್ಲಿಯ ‘ವೆಜೆತರಿಯಾನಾ’ ಪಿಜ್ಜಾದ ಮೇಲೂ ಅದನ್ನು ತುರಿದು ಹಾಕುತ್ತಾರೆ, ತಪ್ಪು ಅಂತ ಯಾರಿಗೂ ಅನಿಸುವುದಿಲ್ಲ. ಅಲರ್ಜಿ ಪಟ್ಟಿಯೂ ಸಹಾಯಕ್ಕೆ ಬರದು. ಐರೋಪ್ಯ ಒಕ್ಕೂಟದ ನಿಯಮದಂತೆ ಗ್ಲುಟೆನ್, ಹಾಲು, ಮೊಟ್ಟೆ, ಮೀನು ಮುಂತಾದ 14 ವಸ್ತುಗಳನ್ನು ತಿಳಿಸಲೇಬೇಕು. ರೆನೆಟ್ ಆ ಪಟ್ಟಿಯಲ್ಲಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಯಾವ ಅನುಮಾನವೂ ಬೇಡ ಅನ್ನುವವರಿಗೆ ‘ಮರಿನಾರಾ’ ಇದೆ: ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ. ಹೆಸರು ಸಮುದ್ರದ್ದು, ಒಳಗೆ ಮೀನೂ ಇಲ್ಲ, ಚೀಸೂ ಇಲ್ಲ. ಬೆಳ್ಳುಳ್ಳಿ ತಿನ್ನದವರು ‘ಸೆನ್ಸಾ ಆಲ್ಯೊ’ ಅಂದರಾಯಿತು. ಮೆನುವಿನಲ್ಲಿ ಪದಾರ್ಥದ ಪಕ್ಕ ನಕ್ಷತ್ರದ ಗುರುತು ಕಂಡರೆ ಅದು ಫ್ರೀಜ್ ಮಾಡಿದ್ದು ಅಂತ ಅರ್ಥ.

ಈಗ ಮೇಜಿಗೆ ಬಂದ ಪಿಜ್ಜಾ ನೋಡೋಣ. ನಾಪೊಲಿ ಶೈಲಿಯದಾದರೆ ಅದಕ್ಕೆ ಐರೋಪ್ಯ ಒಕ್ಕೂಟ 2010ರಲ್ಲಿ ಒಪ್ಪಿದ ಲಿಖಿತ ನಿಯಮವೇ ಇದೆ. ಒಂದು ಲೀಟರ್ ನೀರಿಗೆ 50ರಿಂದ 55 ಗ್ರಾಮ್ ಸಮುದ್ರದ ಉಪ್ಪು, 3 ಗ್ರಾಮ್ ಯೀಸ್ಟ್, ಸುಮಾರು 1.8 ಕಿಲೋ ಹಿಟ್ಟು. ಉಂಡೆ 180ರಿಂದ 250 ಗ್ರಾಮ್. ಲಟ್ಟಣಿಗೆ ಮುಟ್ಟುವಂತಿಲ್ಲ, ಕೈಯಲ್ಲೇ ತಟ್ಟಿ ಹಿಗ್ಗಿಸಬೇಕು. ಅಗಲ 35 ಸೆಂಟಿಮೀಟರ್ ದಾಟಬಾರದು, ಅಂಚು 1ರಿಂದ 2 ಸೆಂಟಿಮೀಟರ್ ಉಬ್ಬಬೇಕು, ನಡುಭಾಗ ಬರೀ 4 ಮಿಲಿಮೀಟರ್. ಕಟ್ಟಿಗೆ ಒಲೆಯ ಹಾಸು 485 ಡಿಗ್ರಿ ಸೆಲ್ಸಿಯಸ್, ಬೇಯುವ ಸಮಯ 60ರಿಂದ 90 ಸೆಕೆಂಡ್. ಈ ಲೆಕ್ಕ ನೋಡಿದರೆ ಅರ್ಧ ದೂರುಗಳಿಗೆ ಉತ್ತರ ಸಿಕ್ಕಿತು. ಒಂದೂವರೆ ನಿಮಿಷದಲ್ಲಿ ಟೊಮೇಟೊದ, ಚೀಸಿನ ನೀರು ಆರುವುದಿಲ್ಲ, ಹಾಗಾಗಿ ನಡು ಮೆತ್ತಗೆ, ಒದ್ದೆ. ಅಷ್ಟು ಬಿಸಿಯಲ್ಲಿ ಅಂಚಿನ ಗುಳ್ಳೆಗಳು ಮೊದಲು ಕಪ್ಪಾಗುತ್ತವೆ, ಹಾಗಾಗಿ ಚಿರತೆ ಚುಕ್ಕೆ. ಕಡ್ಲೆಕಾಳಿನಷ್ಟು ಚುಕ್ಕೆಗಳು, ನಡುವೆ ಹೊಂಬಣ್ಣ ಇದ್ದರೆ ಅದು ಒಳ್ಳೆಯ ಗುರುತು. ತಿನ್ನುವುದು ಚಾಕು ಫೋರ್ಕಿನಲ್ಲಿ. ಇಲ್ಲವೇ ನಾಲ್ಕು ಭಾಗ ಮಾಡಿ, ತುದಿಯನ್ನು ಒಳಗೆ ಮಡಚಿ ಕೈಯಲ್ಲಿ. ಕತ್ತರಿಸದೆ ತರುವುದಕ್ಕೂ ಕಾರಣ ಇದೇ: ಮೊದಲೇ ಕತ್ತರಿಸಿದರೆ ರಸವೆಲ್ಲ ಗೆರೆಗಳಲ್ಲಿ ಇಳಿದು ಅಡಿ ನೆನೆದುಹೋಗುತ್ತದೆ.

ಗರಿಗರಿಯೇ ಬೇಕು ಅನ್ನುವವರು ರೋಮ್ ಶೈಲಿಯ ತೆಳು ಪಿಜ್ಜಾ ಹುಡುಕುವುದು ಒಳ್ಳೆಯದು. ಅದರ ಹಿಟ್ಟಿಗೆ ಎಣ್ಣೆ ಸೇರುತ್ತದೆ, ಲಟ್ಟಣಿಗೆಯಲ್ಲೇ ಲಟ್ಟಿಸುತ್ತಾರೆ, ಕಡಿಮೆ ಬಿಸಿಯಲ್ಲಿ ಹೆಚ್ಚು ಹೊತ್ತು ಬೇಯಿಸುತ್ತಾರೆ. ನಾಪೊಲಿ ಪಿಜ್ಜಾವನ್ನೇ ಇನ್ನಷ್ಟು ಬೇಯಿಸಬೇಕಿದ್ದರೆ ಆರ್ಡರ್ ಮಾಡುವಾಗಲೇ ‘ಬೆನ್ ಕೊತ್ತಾ’ ಅನ್ನಿ. ಎಮ್ಮೆ ಹಾಲಿನ ‘ಬುಫಲಾ’ ಮೊಝ್ಝರೆಲ್ಲಾ ಹೆಚ್ಚು ನೀರು ಬಿಡುತ್ತದೆ. ಒದ್ದೆ ಇಷ್ಟವಿಲ್ಲದವರಿಗೆ ಹಸುವಿನ ಹಾಲಿನ ‘ಫಿಯೊರ್ ದಿ ಲಾತ್ತೆ’ ವಾಸಿ, ಬೆಲೆಯೂ ಕಡಿಮೆ.

ಹಾಗಾದರೆ ನಿಜವಾದ ತಪ್ಪು ಯಾವುದು? ಒಂದು ತುಂಡು ಕತ್ತರಿಸಿ, ಪಕ್ಕದಿಂದ ನೋಡಿ. ಟೊಮೇಟೊ ರಸದ ಕೆಳಗೆ, ಬೆಂದ ಹಿಟ್ಟಿನ ಮೇಲೆ, ಅಂಟಂಟಾದ ಬೂದುಬಿಳಿ ಗೆರೆಯೊಂದು ಇದ್ದು, ಬೆರಳಲ್ಲಿ ಒತ್ತಿದರೆ ಮೈದಾ ಅಂಟಿನಂತೆ ಎಳೆ ಬಂದರೆ ಅದು ಒದ್ದೆಯಲ್ಲ, ಹಸಿ. ಫ್ರಿಜ್‌ನಿಂದ ತೆಗೆದ ಉಂಡೆಯನ್ನು ತಣ್ಣಗಿರುವಾಗಲೇ ತಟ್ಟಿದರೆ, ಅಥವಾ ರಸ ಜಾಸ್ತಿ ಸುರಿದರೆ ಹೀಗಾಗುತ್ತದೆ. ಆಮೇಲೆ ತುಂಡನ್ನು ಎತ್ತಿ ಅಡಿ ನೋಡಿ. ಮೇಲೆ ಚುಕ್ಕೆ ಬಿದ್ದಿದ್ದು, ಅಡಿ ಮಾತ್ರ ಸುಣ್ಣದಂತೆ ಬೆಳ್ಳಗಿದ್ದರೆ ಒಲೆಯ ಹಾಸು ತಣ್ಣಗಾಗಿದೆ ಅಂತ. ಶನಿವಾರ ರಾತ್ರಿ ಒಂಬತ್ತರ ಹೊತ್ತಿಗೆ ಇದು ಹೆಚ್ಚು: ಒಂದನ್ನು ತೆಗೆದ ಜಾಗಕ್ಕೇ ತಕ್ಷಣ ಇನ್ನೊಂದನ್ನು ಇಟ್ಟರೆ ಕಲ್ಲಿಗೆ ಮತ್ತೆ ಕಾಯಲು ಪುರುಸೊತ್ತೇ ಸಿಗುವುದಿಲ್ಲ. ಕಾವಲಿ ಕಾಯುವ ಮೊದಲೇ ಹಿಟ್ಟು ಹೊಯ್ದ ದೋಸೆಯ ಗತಿಯೇ ಇದಕ್ಕೂ. ಇದಕ್ಕೆ ತಿರುಗಾ ಮುರುಗಾ, ಅಡಿ ಇಡಿಯಾಗಿ ಕಪ್ಪಾಗಿ ಕಹಿ ಹೊಡೆದರೆ, ಹಾಸಿನ ಮೇಲೆ ಉದುರಿ ಸುಟ್ಟ ಒಣಹಿಟ್ಟನ್ನು ಗುಡಿಸಿಲ್ಲ.

ಇನ್ನೊಂದು ಕುರುಹು ಅಂಚು. ಮುರಿದಾಗ ಒಳಗೆ ಸಣ್ಣ ದೊಡ್ಡ ತೂತುಗಳು ಕಾಣಬೇಕು, ಒತ್ತಿ ಬಿಟ್ಟರೆ ನಿಧಾನವಾಗಿ ಮೇಲೇಳಬೇಕು. ಗಟ್ಟಿಯಾಗಿ, ರಬ್ಬರಿನಂತೆ ಎಳೆದರೆ ಹುದುಗು ಸಾಕಾಗಿಲ್ಲ. ರಾತ್ರಿಯೆಲ್ಲ ಬಾಯಾರಿತು ಅಂತ ಹಿಟ್ಟನ್ನು ಬೈಯುವವರೂ ಇದ್ದಾರೆ, ಇಟಲಿಯವರೂ ಬೈಯುತ್ತಾರೆ. ಮೇಲಿನ ಅಳತೆಯನ್ನೇ ಭಾಗಿಸಿ ನೋಡಿ: 250 ಗ್ರಾಮ್ ಉಂಡೆಯೊಳಗೆ ನಾಲ್ಕೂವರೆ ಗ್ರಾಮ್ ಉಪ್ಪಿರುತ್ತದೆ, ಚೀಸಿನದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ದಿನವಿಡೀ 5 ಗ್ರಾಮಿಗಿಂತ ಕಡಿಮೆ ಇರಲಿ ಅನ್ನುವ ಉಪ್ಪು ಅದು. ಚೆನ್ನಾಗಿ ಹುದುಗಿದ ಪಿಜ್ಜಾ ತಿಂದರೂ ನೀರು ಬೇಕೇ ಬೇಕು.

ತಪ್ಪು ಕಂಡರೆ ಮೊದಲ ತುಂಡಿನಲ್ಲೇ ಹೇಳಿ. ಹಸಿಯಾಗಿದ್ದರೆ ‘ಎ ಕ್ರುದಾ’, ತಣ್ಣಗಿದ್ದರೆ ‘ಎ ಫ್ರೆದ್ದಾ’ ಅಂದು ಅಡಿಭಾಗ ತೋರಿಸಿದರೆ ಸಾಕು, ಸಾಮಾನ್ಯವಾಗಿ ಬೇರೆ ಮಾಡಿಕೊಡುತ್ತಾರೆ. ಮುಕ್ಕಾಲು ತಿಂದು ಹೇಳಿದರೆ ಕೇಳುವವರಿಲ್ಲ. ಖಾರ ಬೇಕಿದ್ದರೆ ‘ಒಲಿಯೊ ಪಿಕ್ಕಾಂತೆ’ ಕೇಳಿ, ಮೆಣಸು ನೆನೆಸಿದ ಎಣ್ಣೆಯ ಸೀಸೆ ಬರುತ್ತದೆ. ಕೆಚಪ್ ಕೇಳಬೇಡಿ.

ಬಿಲ್ ಕೇಳದೆ ಬರುವುದಿಲ್ಲ. ಕೇಳದೆ ತಂದರೆ ‘ಏಳಿ’ ಅಂದಂತೆ ಆಗುತ್ತದೆ ಅನ್ನುವ ಸಂಕೋಚ ಅವರದು. ‘ಇಲ್ ಕೊಂತೊ, ಪೆರ್ ಫವೋರೆ’ ಅನ್ನಿ. ತಲಾ 7 ಯುರೊದ ಎರಡು ಮಾರ್ಗರೀಟಾ, 2.50ರ ನೀರು, ತಲಾ 2ರಂತೆ ಕೊಪೆರ್ತೊ ಇದ್ದರೆ ಒಟ್ಟು 20.50. ಕೊಪೆರ್ತೊ ಅನ್ನುವುದು ಮೇಜುಬಟ್ಟೆ, ತಟ್ಟೆ, ಬ್ರೆಡ್ಡಿನ ಲೆಕ್ಕ; ಮೆನುವಿನಲ್ಲಿ ಮೊದಲೇ ಬರೆದಿರಬೇಕು. ಬರೆಯದೆ ಬಿಲ್ಲಿಗೆ ಹಾಕಿದ್ದರೆ ಮಾತ್ರ ಜಗಳಕ್ಕೆ ಕಾರಣ ಇದೆ. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರಲ್ಲೇ ಕಾನೂನು ಮಾಡಿ ಕೊಪೆರ್ತೊವನ್ನು ನಿಲ್ಲಿಸಿತು; ಅಲ್ಲಿ ಬಿಲ್ಲಿನಲ್ಲಿ ‘ಪಾನೆ’, ಅಂದರೆ ಬ್ರೆಡ್ಡು, ಅಂತ ಬಂದರೆ ನೀವು ಬ್ರೆಡ್ ಕೇಳಿದ್ದಿರಾ ಅನ್ನುವುದೇ ಪ್ರಶ್ನೆ. ಇದರ ಮೇಲೆ ಟಿಪ್ಸ್ ಕೊಡಬೇಕೆಂದೇನಿಲ್ಲ, ಚಿಲ್ಲರೆ ಬಿಟ್ಟರೆ ಬೇಡ ಅನ್ನುವುದೂ ಇಲ್ಲ. ‘ಸೆರ್ವಿತ್ಸಿಯೊ’ ಅಂತ ಶೇಕಡಾವಾರು ಬೇರೆಯೇ ಹಾಕಿದ್ದರೆ ಅದೇ ಟಿಪ್ಸು ಅಂದುಕೊಳ್ಳಿ.

ಪಾರ್ಸೆಲ್ಲಿಗೆ ‘ದಾ ಅಸ್ಪೋರ್ತೊ’ ಅನ್ನುತ್ತಾರೆ, ಕೊಪೆರ್ತೊ ಇರುವುದಿಲ್ಲ. ಆದರೆ ಡಬ್ಬಿಯೊಳಗಿನ ಹಬೆಗೆ ಹತ್ತು ಹದಿನೈದು ನಿಮಿಷದಲ್ಲಿ ಅಂಚು ಚರ್ಮದಂತಾಗುತ್ತದೆ. ದಾರಿಯಲ್ಲಿ ಮುಚ್ಚಳವನ್ನು ಒಂದು ಬೆರಳಿನಷ್ಟು ತೆರೆದಿಡಿ. ಮನೆಯಲ್ಲಿ ಮೈಕ್ರೋವೇವ್ ಬೇಡ. ಒಣ ದೋಸೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಇಟ್ಟು, ಅಡಿ ಗರಿಯಾದ ಮೇಲೆ ಪಿಜ್ಜಾಕ್ಕೆ ತಾಗದಂತೆ ಬದಿಯಲ್ಲಿ ನಾಲ್ಕು ಹನಿ ನೀರು ಹಾಕಿ ಒಂದು ನಿಮಿಷ ಮುಚ್ಚಿ. ಚೀಸು ಕರಗುತ್ತದೆ, ಅಡಿ ಮೆತ್ತಗಾಗುವುದಿಲ್ಲ.