ಜಯಮಂಗಲಿಯ ಮರಳಿನ ಜಾಡು ಹಿಡಿದು

ಸಂಕ್ರಾಂತಿ ಮುಗಿದ ವಾರ, ಅಕ್ಕನ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ತುಮಕೂರಿನಿಂದ ಬೆಳಗ್ಗೆ ಆರಕ್ಕೇ ಹೊರಟೆ. ಜಯಮಂಗಲಿ ಹೊಳೆ ಹುಟ್ಟುವ ಕಡೆಯಿಂದ ಅದು ಆಂಧ್ರಕ್ಕೆ ದಾಟುವ ತನಕ ಒಂದೇ ದಿನದಲ್ಲಿ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಮೊದಲು ನಾಮದ ಚಿಲುಮೆ. ಬಂಡೆಯ ಕುಳಿಯಲ್ಲಿ ಒಂದಿಷ್ಟು ತಿಳಿನೀರು. ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ರಾಮ ಬಾಣ ಬಿಟ್ಟನಂತೆ, ಅಲ್ಲಿ ಚಿಲುಮೆ ಎದ್ದಿತಂತೆ. ಅಲ್ಲಿಂದ ದೇವರಾಯನದುರ್ಗ ಹತ್ತಿದರೆ ಸುತ್ತ ಕಾಡು, ಮಂಜು. ಈ ಬೆಟ್ಟದ್ದು ಒಂದು ವಿಶೇಷ. ಇಲ್ಲೇ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತಾಳೆ. ಇಲ್ಲೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ತಿರುಗಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರುತ್ತಾಳೆ. ಒಂದೇ ತಾಯಿ ಮಕ್ಕಳು, ಕೊಟ್ಟ ಮನೆ ಬೇರೆ ಬೇರೆ.

ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿಗೆ ಕೈಮುಗಿದು, ಪಕ್ಕದ ತೀತಾ ಜಲಾಶಯದ ಏರಿ ಮೇಲೆ ಸ್ವಲ್ಪ ಹೊತ್ತು ನಿಂತು ಮುಂದೆ ಹೋದೆವು. ಕೊರಟಗೆರೆ ಬಿಟ್ಟು ಹೊಳವನಹಳ್ಳಿ ಕಡೆ ತಿರುಗಿದಾಗ ಕಣ್ಣಿಗೆ ತಂಪು. ಎಡಕ್ಕೂ ಬಲಕ್ಕೂ ತೆಂಗು, ಅಡಿಕೆ, ನಡುವೆ ಸೇವಂತಿಗೆ, ಕನಕಾಂಬರದ ಮಡಿಗಳು. ತಲೆ ಎತ್ತಿದರೆ ಮಾತ್ರ ಬೋಳು ಬಂಡೆಯ ಬೆಟ್ಟಗಳು. ಆ ಬೋಳು ಬೆಟ್ಟಕ್ಕೂ ಈ ಹಸಿರಿಗೂ ನಂಟಿದೆ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯಲ್ಲಿ ಇಂಗುವುದಿಲ್ಲ. ಜಾರಿ ಹಳ್ಳಕ್ಕೆ ಬರುತ್ತದೆ, ಬರುವಾಗ ಮರಳು, ಮೆಕ್ಕಲು ಹೊತ್ತು ತರುತ್ತದೆ. ಹೊಳೆ ಮೇಲೆ ಹರಿಯೋದು ಮಳೆಗಾಲದಲ್ಲಿ ಒಂದಿಷ್ಟು ದಿನ ಮಾತ್ರ. ಉಳಿದ ದಿನವೆಲ್ಲ ಅದು ಮರಳಿನ ಒಳಗೇ ಇರುತ್ತದೆ.

ಅದನ್ನು ನಮಗೆ ತೋರಿಸಿಕೊಟ್ಟವರು ಹೊಳೆಯಲ್ಲಿ ಕುರಿ ಬಿಟ್ಟುಕೊಂಡಿದ್ದ ಒಬ್ಬ ತಾತ. ನೀರಿನ ಬಾಟಲಿ ಖಾಲಿ ಆಗಿತ್ತು. 'ತಾತ, ಇಲ್ಲಿ ಕುಡಿಯೋ ನೀರು ಎಲ್ಲಿ ಸಿಗುತ್ತೆ?' ಅಂದೆ. 'ನೀರಿನ ಮೇಲೆ ನಿಂತ್ಕೊಂಡು ನೀರು ಕೇಳ್ತೀಯಲ್ಲಪ್ಪ' ಅಂದವರೇ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಮರಳು ಬಗೆದರು. ಮೇಲಿನ ಮರಳು ಬಿಳಿ, ಬಿಸಿ. ಗೇಣುದ್ದ ಹೋದಮೇಲೆ ಕಂದು, ತಣ್ಣಗೆ. ಮೊಣಕೈ ಆಳಕ್ಕೆ ಹೋದಾಗ ಗುಂಡಿಯ ಅಂಚಿನಿಂದ ಮರಳು ಮೆಲ್ಲಗೆ ಕುಸಿಯಿತು, ತಳದಲ್ಲಿ ನೀರಿನ ಕಣ್ಣು ಬಿಟ್ಟಿತು. ಮೊದಲ ನೀರು ಬಗ್ಗಡ. ತೆಂಗಿನ ಚಿಪ್ಪಿನಲ್ಲಿ ಅದನ್ನು ಎತ್ತಿ ಚೆಲ್ಲಿದರು. ಎರಡನೇ ಸಲವೂ ಚೆಲ್ಲಿದರು. ಮೂರನೇ ಸಲ ತುಂಬಿದ್ದು ತಿಳಿಯಾಗಿತ್ತು, ತಳದ ಮರಳಿನ ಕಾಳು ಎಣಿಸಬಹುದಿತ್ತು. ಇದಕ್ಕೂ ಹೆಸರು ಚಿಲುಮೆಯೇ.

ಇದನ್ನೇ ದೊಡ್ಡದಾಗಿ ಮಾಡಿದರೆ ತಲಪರಿಗೆ. ನೀರು ಒಸರುವ ಕಡೆ ಗುಂಡಿ ತೋಡಿ, ಅಲ್ಲಿಂದ ಗದ್ದೆಗೆ ಕಾಲುವೆ ತೆಗೆಯುತ್ತಾರೆ. ಮೋಟಾರು ಬೇಡ, ಕರೆಂಟು ಬೇಡ, ಇಳಿಜಾರಿನಲ್ಲಿ ನೀರು ತಾನೇ ಹೋಗುತ್ತದೆ. 'ನಮ್ಮ ಕಾಲದಲ್ಲಿ ವರ್ಷಕ್ಕೊಂದ್ಸಲ ಮನೆಗೊಂದಾಳು ಬಂದು ಹೂಳು ಎತ್ತಬೇಕಿತ್ತು. ಬರದೋನು ದಂಡ ಕಟ್ಟಬೇಕಿತ್ತು' ಅಂದರು ತಾತ. ಆಮೇಲೆ ಕೊಳವೆ ಬಾವಿ ಬಂದವು, ಮರಳಿನ ಲಾರಿಗಳು ಬಂದವು. ಮರಳು ಹೋದ ಕಡೆ ತಲಪರಿಗೆಯೂ ಬತ್ತಿತು. ಮನೆ ಕಟ್ಟಲು ಮರಳು ಬೇಕು, ನಿಜ. ಆದರೆ ಇಲ್ಲಿ ಮರಳು ಅಂದರೆ ಊರಿನ ನೀರಿನ ತೊಟ್ಟಿ. ಅದನ್ನೇ ಹೊತ್ತುಕೊಂಡು ಹೋದರೆ ಹೇಗೆ? 2022ರ ಮಳೆಗೆ ಹೊಳೆ ಎರಡೂ ದಡ ತುಂಬಿ ಹರಿದಿದ್ದನ್ನು ನೆನೆದಾಗ ತಾತನ ಮುಖ ಅರಳಿತು. ಅಷ್ಟು ನೀರನ್ನು ಹಿಡಿದಿಡಲು ಸಾಕಷ್ಟು ಮರಳೇ ಉಳಿದಿರಲಿಲ್ಲ ಅಂತ ಅವರೇ ನೊಂದುಕೊಂಡರು.

ಮಧ್ಯಾಹ್ನ ದಾರಿಬದಿಯ ಹೋಟೆಲಿನಲ್ಲಿ ಬಿಸಿ ಮುದ್ದೆ, ಅವರೆಕಾಳು ಸಾರು. ಕೊಡಿಗೇನಹಳ್ಳಿ ಕಡೆ ಬರುವಾಗ ಮಾತಿನ ಬಣ್ಣವೇ ಬದಲಾಗುತ್ತದೆ. ಹೋಟೆಲಿನ ಅಕ್ಕ ನಮಗೆ ಕನ್ನಡದಲ್ಲಿ ಬಡಿಸಿ, ಒಳಗಿನವರಿಗೆ ತೆಲುಗಿನಲ್ಲಿ ಕೂಗಿ ಹೇಳುತ್ತಿದ್ದರು. ಎರಡೂ ಅವರ ಮನೆಮಾತೇ.

ಸಂಜೆ ಮೈದನಹಳ್ಳಿಯ ಹುಲ್ಲುಗಾವಲು. 2007ರಲ್ಲಿ ಕೃಷ್ಣಮೃಗಗಳಿಗಾಗಿ ಮೀಸಲಿಟ್ಟ ಈ ಜಾಗಕ್ಕೂ ಜಯಮಂಗಲಿಯದೇ ಹೆಸರು. ಒಣಹುಲ್ಲಿನ ನಡುವೆ ಒಂದು ಕಪ್ಪು ಗಂಡು ಕೊಂಬು ಎತ್ತಿ ನಿಂತಿತ್ತು. ನಾವು ಉಸಿರು ಬಿಡಲೂ ಅಂಜಿ ನೋಡುತ್ತಿದ್ದೆವು. ಇಡೀ ಹಿಂಡು ಒಮ್ಮೆಗೇ ನೆಗೆಯಿತು.

ವಾಪಸ್ ಬರುವಾಗ ಮತ್ತೆ ಹೊಳೆಗೆ ಇಳಿದೆವು. ಹುಡುಗ ಓಡಿಹೋಗಿ ಬಗೆಯಲು ಕೂತ. ಗೇಣುದ್ದಕ್ಕೇ ಗಟ್ಟಿ ಜೇಡಿ ಸಿಕ್ಕಿತು. 'ಮಾವ, ಇಲ್ಲಿ ಮರಳೇ ಇಲ್ಲ' ಅಂದ. ಎದ್ದು, ಹೊಂಗೆ ಮರದ ಬುಡದಲ್ಲಿ ಮರಳು ಉಳಿದಿದ್ದ ಕಡೆ ಹೋಗಿ ಮತ್ತೆ ಬಗೆದ. ತುಂಬಾ ಹೊತ್ತು ಕಾದ. ಆಮೇಲೆ ತಳ ಒದ್ದೆಯಾಯಿತು, ಒಂದು ಬೊಗಸೆ ಬಗ್ಗಡ ನೀರು ಬಂತು. ಅದನ್ನು ಎತ್ತಿ ಚೆಲ್ಲಿ, ಎರಡನೇ ಸಲಕ್ಕೆ ಕಾಯುತ್ತಾ ಕೂತ.