ವಾರವೆಲ್ಲಾ ತಪ್ಪು ಮಾಡಿ ಭಾನುವಾರ ಕ್ಷಮೆ ಕೇಳಿದರೆ ಸಾಕಾ?

ದಾವಣಗೆರೆಯ ಮಾರುಕಟ್ಟೆ ಯಾರ್ಡ್‌ನಲ್ಲಿ ಒಂದು ದಲ್ಲಾಳಿ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ನಾನು ಕ್ರೈಸ್ತ ಅಂತ ಗೊತ್ತಿರುವವರು ಸ್ವಲ್ಪ ಸಲಿಗೆ ಬೆಳೆದ ಮೇಲೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ನಿಮ್ಮ ಯೇಸು ಎಲ್ಲಾ ಪಾಪ ಕ್ಷಮಿಸ್ತಾನೆ ಅಂತೀರಿ. ಹಾಗಾದ್ರೆ ವಾರವೆಲ್ಲಾ ಏನ್ ಬೇಕಾದ್ರೂ ಮಾಡಿ, ಭಾನುವಾರ ಚರ್ಚಿಗೆ ಹೋಗಿ ಕೈ ಮುಗಿದ್ರೆ ಆಯ್ತಲ್ವಾ?" ಸೆಪ್ಟೆಂಬರ್‌ನಲ್ಲಿ ಹರಿಹರದ ಆರೋಗ್ಯಮಾತೆ ಚರ್ಚಿನ ಹಬ್ಬಕ್ಕೆ ಹೋಗಿ ಬರುವ ಹಿಂದೂ ಗೆಳೆಯರೂ ಇದನ್ನೇ ಕೇಳುತ್ತಾರೆ.

ಒಳ್ಳೆಯ ಪ್ರಶ್ನೆ. ಹಳೆಯ ಪ್ರಶ್ನೆಯೂ ಹೌದು. ಸುಮಾರು 2000 ವರ್ಷದ ಹಿಂದೆ, ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಪೌಲನಿಗೂ ಇದು ಎದುರಾಗಿತ್ತು. ರೋಮಾಪುರದವರಿಗೆ ಅವನು ಬರೆದ ಪತ್ರ ಬೈಬಲಿನಲ್ಲಿದೆ, ಅದರ 6ನೇ ಅಧ್ಯಾಯ ಇದರಿಂದಲೇ ಶುರುವಾಗುತ್ತದೆ: ಕೃಪೆ ಇನ್ನೂ ಜಾಸ್ತಿಯಾಗಲಿ ಅಂತ ಪಾಪ ಮಾಡುತ್ತಲೇ ಇರೋಣವೇ? ಖಂಡಿತ ಬೇಡ ಅನ್ನುತ್ತಾನೆ ಪೌಲ.

ನಾವು ನಂಬುವುದನ್ನು ಚಿಕ್ಕದಾಗಿ ಹೇಳುತ್ತೇನೆ. ಪಾಪ ಮನುಷ್ಯನನ್ನು ದೇವರಿಂದ ದೂರ ಮಾಡಿದೆ. ಆ ದೂರವನ್ನು ತನ್ನ ಪುಣ್ಯದ ಬಲದಿಂದ ದಾಟಲು ಯಾರಿಂದಲೂ ಆಗುವುದಿಲ್ಲ. ದೇವರ ಮಗನಾದ ಯೇಸು ನಮ್ಮ ಪಾಪಕ್ಕಾಗಿ ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದುಬಂದನು. ಆತನನ್ನು ನಂಬಿ, ಪಾಪ ಬಿಟ್ಟು ದೇವರ ಕಡೆಗೆ ತಿರುಗಿಕೊಂಡವರಿಗೆ ಕ್ಷಮೆ ಸಿಗುತ್ತದೆ. ಅದಕ್ಕೆ ಬೆಲೆ ತೆರಬೇಕಿಲ್ಲ.

ಎಲ್ಲರೂ ಎಡವುವುದು ಈ ಕೊನೆಯ ಮಾತಿನಲ್ಲಿ. ಅದಕ್ಕೇ ನಾನು ಜಕ್ಕಾಯನ ಕತೆ ಹೇಳುತ್ತೇನೆ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ಭಾಗ ಲೂಕನ ಸುವಾರ್ತೆ, ಅದರ 19ನೇ ಅಧ್ಯಾಯದಲ್ಲಿದೆ. ಜಕ್ಕಾಯ ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ. ರೋಮ್ ಸರ್ಕಾರದ ಪರವಾಗಿ ಸುಂಕ ಎತ್ತುವ ಕೆಲಸ. ನ್ಯಾಯದ ಸುಂಕಕ್ಕಿಂತ ಮೇಲೆ ಕಿತ್ತುಕೊಳ್ಳುವವರು ಅಂತ ಆ ಕೆಲಸದವರಿಗೆ ಕೆಟ್ಟ ಹೆಸರು. ಇವನೂ ಹಾಗೇ ಸಾಹುಕಾರ ಆಗಿದ್ದ. ಊರಿನವರು ಇವನನ್ನು ಕಂಡರೆ ಉರಿದುಬೀಳುತ್ತಿದ್ದರು. ಯೇಸು ಆ ದಾರಿಯಲ್ಲಿ ಬರುತ್ತಾನೆ ಅಂತ ಗೊತ್ತಾಯಿತು. ಕುಳ್ಳ ಮನುಷ್ಯ, ಜನರ ನಡುವೆ ಏನೂ ಕಾಣಲಿಲ್ಲ. ಓಡಿಹೋಗಿ ಮರ ಹತ್ತಿ ಕುಳಿತ. ಯೇಸು ಮರದ ಕೆಳಗೆ ನಿಂತು ಹೆಸರು ಹಿಡಿದೇ ಕರೆದನು: ಬೇಗ ಇಳಿ, ಇವತ್ತು ನಾನು ನಿನ್ನ ಮನೆಯಲ್ಲೇ ಉಳಿಯಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ಮೊದಲು ಹಣ ವಾಪಸ್ ಕೊಡು, ಆಮೇಲೆ ನಿನ್ನ ಮನೆಗೆ ಬರುತ್ತೇನೆ ಅಂತ ಯೇಸು ಹೇಳಲಿಲ್ಲ. ಷರತ್ತೇ ಇಲ್ಲ. ಸುಮ್ನೆ ಬಂದನು. ಆಮೇಲೆ ಜಕ್ಕಾಯ ತಾನಾಗಿಯೇ ಎದ್ದು ನಿಂತು ಹೇಳಿದ: ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಲಾದರೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ. ಯೆಹೂದ್ಯರು ಪಾಲಿಸುತ್ತಿದ್ದ ಮೋಶೆಯ ಧರ್ಮಶಾಸ್ತ್ರದಲ್ಲಿ, ತಪ್ಪು ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. 100 ರೂಪಾಯಿಗೆ 120. ಇವನು 400 ಕೊಡಲು ನಿಂತ. ಲೆಕ್ಕ ಬರೆಯುವ ನನಗೆ ಈ ಜಾಗ ಓದುವಾಗ ಪ್ರತಿ ಸಲವೂ ಮೈ ಝುಮ್ ಅನ್ನುತ್ತದೆ.

ಹಾಗಾದರೆ ವಾಪಸ್ ಕೊಟ್ಟಿದ್ದೇ ಕ್ಷಮೆಯ ಬೆಲೆ ಆಯಿತಲ್ಲ ಅನ್ನಬಹುದು. ಆಗಲಿಲ್ಲ. ಅದೇ ಲೂಕನ 23ನೇ ಅಧ್ಯಾಯದಲ್ಲಿ, ಯೇಸುವಿನ ಪಕ್ಕದ ಶಿಲುಬೆಯಲ್ಲಿ ಒಬ್ಬ ದುಷ್ಕರ್ಮಿ ಇದ್ದಾನೆ. ಅವನ ಕೈಕಾಲು ಆಡುವ ಹಾಗಿಲ್ಲ. ಏನನ್ನೂ ಸರಿಪಡಿಸಲು ಸಮಯವಿಲ್ಲ. ನನ್ನನ್ನು ನೆನಪಿಸಿಕೋ ಅಂತ ಮಾತ್ರ ಬೇಡಿದ. ಇವತ್ತೇ ನೀನು ನನ್ನ ಜೊತೆ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಇರುವೆ ಅಂತ ಯೇಸು ಮಾತು ಕೊಟ್ಟನು. ಕ್ಷಮೆ ಇಬ್ಬರಿಗೂ ಪುಕ್ಕಟೆ ಸಿಕ್ಕಿತು. ಒಬ್ಬನ ಕೈ ಇನ್ನೂ ಬಿಡುವಾಗಿತ್ತು, ಅವನು ಆ ಕೈಯಿಂದ ಕೊಟ್ಟ, ಅಷ್ಟೇ.

ನಮ್ಮ ಯಾರ್ಡ್‌ನಲ್ಲಿ ಇದು ದಿನವೂ ಎದುರಿಗೆ ಬರುತ್ತದೆ. ದೀಪಾವಳಿಯ ಹಿಂದೆಮುಂದೆ ಮೆಕ್ಕೆಜೋಳ ಬರುವಾಗ ರೈತ ರಾಶಿ ಸುರಿದು ಪಕ್ಕದಲ್ಲೇ ಟವೆಲ್ ಹಾಸಿಕೊಂಡು ಕೂತಿರುತ್ತಾನೆ. ಖರೀದಿಗೆ ಬಂದವನು ರಾಶಿಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಒಂದು ಕಾಳು ಕಚ್ಚಿ ನೋಡುತ್ತಾನೆ. ತೇವ ಜಾಸ್ತಿ ಅಂದರೆ ರೇಟು ಬಿತ್ತು. ಅದು ವ್ಯಾಪಾರ, ಇರಲಿ. ಆದರೆ ಸೂಟ್ ಅಂತ ಹೆಸರಿಟ್ಟು ತೂಕದಲ್ಲಿ ಕೆಜಿಗಟ್ಟಲೆ ಮುರಿದುಕೊಳ್ಳುವುದು, ಸರಿಯಾದ ಪಟ್ಟಿ ಕೊಡದೆ ಬಿಳಿ ಚೀಟಿಯಲ್ಲಿ ಲೆಕ್ಕ ಮುಗಿಸುವುದು, ಇವು ಕಳ್ಳತನ. ನಾನು ಇದನ್ನು ಬಾಯಿಬಿಟ್ಟೇ ಹೇಳುತ್ತೇನೆ. "ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು" ಅನ್ನುವ ಮಾತು ಎಲ್ಲರಿಗೂ ಗೊತ್ತು. ಅದು ಮೊದಲು ಬರುವುದು ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ. ಅದೇ ಅಧ್ಯಾಯದಲ್ಲಿ, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಅಂತಿದೆ. ತಕ್ಕಡಿ, ತೂಕದ ಕಲ್ಲು, ಅಳತೆ ಸರಿಯಾಗಿರಲಿ ಅಂತಲೂ ಇದೆ. ಪ್ರೀತಿಯನ್ನು ದೇವರು ತಕ್ಕಡಿಯ ಪಕ್ಕದಲ್ಲೇ ಇಟ್ಟಿದ್ದಾನೆ. ಹಮಾಲರ ಕೂಲಿ ನಾಳೆ ನೋಡೋಣ ಅಂತ ಯಾರಾದರೂ ಅಂದರೆ ನನಗೆ ಆ ಅಧ್ಯಾಯವೇ ನೆನಪಿಗೆ ಬರುತ್ತದೆ.

ನನ್ನ ಸೋದರತ್ತೆ ಹೆಚ್ಚು ಓದಿದವರಲ್ಲ. ಬೈಬಲ್ ಮಾತ್ರ ದಿನವೂ ಓದುತ್ತಾರೆ. ಒಂದು ಭಾನುವಾರ ಚರ್ಚಿನಲ್ಲಿ ಪ್ರಭುಭೋಜನ ಇತ್ತು, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ. ಎಲ್ಲರೂ ಎದ್ದು ಮುಂದೆ ಹೋದರು, ಅತ್ತೆ ಬೆಂಚಿನಲ್ಲೇ ಕೂತರು. ಮನೆಗೆ ಬಂದ ಮೇಲೆ ಕೇಳಿದೆ. ಮತ್ತಾಯನ 5ನೇ ಅಧ್ಯಾಯ ತೆಗೆದು ತೋರಿಸಿದರು. ಕಾಣಿಕೆ ಕೊಡಲು ಬಂದಾಗ ನಿನ್ನ ಮೇಲೆ ಸಹೋದರನಿಗೆ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತಿದೆ. ಅವರಿಗೂ ಹಿರಿಯೂರಿನಲ್ಲಿರುವ ಅವರ ತಂಗಿಗೂ ಅವ್ವನ ತಾಮ್ರದ ಹಂಡೆಯ ವಿಷಯದಲ್ಲಿ ಮಾತು ನಿಂತುಹೋಗಿತ್ತು. ಹಂಡೆ ತಂಗಿಗೆ ಸೇರಬೇಕಿತ್ತು, ಅತ್ತೆಯ ಬಚ್ಚಲಲ್ಲಿತ್ತು. ಮರುದಿನ ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿದರು. ಹಳೇ ಸೀರೆಯಲ್ಲಿ ಸುತ್ತಿ ಬಸ್ ಹತ್ತಿದರು. ಲಗೇಜ್ ಟಿಕೆಟ್ ಬೇರೆ ಕೊಡಬೇಕಾಯಿತು. ತಂಗಿ ಹಂಡೆ ಇಳಿಸಿಕೊಂಡು ಟೀ ಕೊಟ್ಟರಂತೆ. ಜಾಸ್ತಿ ಮಾತಾಡಲಿಲ್ಲವಂತೆ. ಇಬ್ಬರೂ ಸಲೀಸಾಗಿ ಮಾತಾಡಲು ಇನ್ನೂ ಸಮಯ ಹಿಡಿಯಿತು. ಅತ್ತೆ ಮುಂದಿನ ಪ್ರಭುಭೋಜನಕ್ಕೆ ಎದ್ದು ಹೋದರು.

ಭಾನುವಾರ ಅಂದರೆ ನಮಗೆ ಇದು. ಬಟ್ಟೆ ಒಗೆದು ಮತ್ತೆ ಕೊಳೆ ಮಾಡಿಕೊಳ್ಳುವ ಹಾಗೆ ಕ್ಷಮೆಯನ್ನು ಬಳಸುವ ಜನ ನಮ್ಮಲ್ಲೂ ಇದ್ದಾರೆ, ನಾನು ಇಲ್ಲ ಅನ್ನುವುದಿಲ್ಲ. ಅವರನ್ನು ನೋಡಿಯೇ ನೀವು ಪ್ರಶ್ನೆ ಕೇಳುತ್ತೀರಿ ಅಂತಲೂ ಗೊತ್ತು. ಆದರೆ ಅವರಿಗೆ ಬೈಬಲ್ ಆಸರೆ ಕೊಡುವುದಿಲ್ಲ. ಕೂಲಿ ಹಿಡಿದಿಟ್ಟ ಸಾಹುಕಾರರ ವಿಷಯದಲ್ಲಿ ಅದರಲ್ಲಿರುವ ಯಾಕೋಬನ ಪತ್ರದ 5ನೇ ಅಧ್ಯಾಯ ಓದಿ ನೋಡಿ. ಆ ಕೂಲಿಯೇ ಕೂಗಿಕೊಳ್ಳುತ್ತದೆ, ಕೊಯ್ದವರ ಕೂಗು ದೇವರ ಕಿವಿಗೆ ಮುಟ್ಟಿದೆ ಅಂತ ಬರೆದಿದೆ.

ಇಷ್ಟು ಹೇಳಿದ ಮೇಲೆ ಕೆಲವರು ಇನ್ನೊಂದು ಕೇಳುತ್ತಾರೆ. ಮೋಸ ಹೋದವರು ಸತ್ತೇ ಹೋಗಿದ್ದರೆ? ಬೈಬಲಿನ ಅರಣ್ಯಕಾಂಡದ (ರಾಮಾಯಣದ್ದಲ್ಲ) 5ನೇ ಅಧ್ಯಾಯದಲ್ಲಿ ಅದಕ್ಕೂ ಉತ್ತರ ಇದೆ. ತೆಗೆದುಕೊಳ್ಳಲು ಹತ್ತಿರದ ಸಂಬಂಧಿಕರೂ ಇಲ್ಲದಿದ್ದರೆ ಅದು ದೇವರಿಗೆ ಸೇರಬೇಕು, ಯಾಜಕನ, ಅಂದರೆ ಪೂಜಾರಿಯ, ಕೈಗೆ ಕೊಡಬೇಕು. ಆದ್ದರಿಂದ ಮೊದಲು ಅವರ ಮಕ್ಕಳು, ಅಣ್ಣತಮ್ಮಂದಿರು ಎಲ್ಲಿದ್ದಾರೆ ಅಂತ ಹುಡುಕಿ. ಯಾರೂ ಸಿಗಲಿಲ್ಲವಾ, ಅಷ್ಟು ಹಣವನ್ನು ಇಲ್ಲದವರ ಮನೆಗೆ ಮುಟ್ಟಿಸಿ.