ಬೆಳವಣಿಗೆ ಮೊದಲು ಮನೆಯಲ್ಲಿ ಕಾಣಬೇಕು

ಬೈಬಲ್‌ನಲ್ಲಿ ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 4ನೇ ಅಧ್ಯಾಯ ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ನಿನ್ನ ಬೆಳವಣಿಗೆ ಎಲ್ಲರಿಗೂ ಕಾಣಲಿ ಅಂತ ಪೌಲ ಅಲ್ಲಿ ಹೇಳುತ್ತಾನೆ. ತಿಮೊಥೆಯ ಆಗ ಎಫೆಸ ಪಟ್ಟಣದ ಕ್ರೈಸ್ತ ಸಭೆಯನ್ನು ನೋಡಿಕೊಳ್ಳುತ್ತಿದ್ದ, ಇನ್ನೂ ಚಿಕ್ಕ ವಯಸ್ಸು. ಪೂರ್ತಿ ಬೆಳೆದ ಮೇಲೆ ಜನರ ಮುಂದೆ ಬಾ ಅಂತ ಪೌಲ ಅವನಿಗೆ ಹೇಳಲಿಲ್ಲ. ಬೆಳೆಯುತ್ತಿರುವಾಗಲೇ ಜನ ನೋಡಲಿ ಅಂದ. ಇದು ನಮಗೆಲ್ಲ ಎಷ್ಟು ದೊಡ್ಡ ಸಮಾಧಾನ, ಅಲ್ವಾ?

ಆದರೆ ಕಾಣೋದು ಎಲ್ಲಿ? ಭಾನುವಾರದ ಆರಾಧನೆಯಲ್ಲಿ ನಾವೆಲ್ಲ ಚೆನ್ನಾಗಿಯೇ ಕಾಣುತ್ತೇವೆ. ಉಪವಾಸ ಪ್ರಾರ್ಥನೆ, ಸಾಕ್ಷಿ, ಹಾಡು ಎಲ್ಲವೂ ಬೇಕು, ಅವಿಲ್ಲದೆ ನಾನು ಬದುಕಲಾರೆ. ಆದರೂ ಲೂಕನ ಸುವಾರ್ತೆಯ 3ನೇ ಅಧ್ಯಾಯ ನೋಡಿ. ಜನ ದೀಕ್ಷಾಸ್ನಾನ ಮಾಡಿಸುತ್ತಿದ್ದ ಸ್ನಾನಿಕನಾದ ಯೋಹಾನನ ಹತ್ತಿರ ಬಂದು, ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಎರಡು ಅಂಗಿ ಇದ್ದರೆ ಇಲ್ಲದವನಿಗೆ ಒಂದು ಕೊಡಿ ಅನ್ನುತ್ತಾನೆ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ. ಸಿಪಾಯಿಗಳಿಗೆ, ಯಾರನ್ನೂ ಹೆದರಿಸಿ ದುಡ್ಡು ಕಿತ್ತುಕೊಳ್ಳಬೇಡಿ, ನಿಮ್ಮ ಸಂಬಳ ನಿಮಗೆ ಸಾಕು. ಬಟ್ಟೆ, ದುಡ್ಡು, ಸಂಬಳ, ಅಷ್ಟೇ. ಸುಂಕದವರ ಮುಖ್ಯಸ್ಥನಾಗಿದ್ದ ಜಕ್ಕಾಯನೂ ಹಾಗೇ. ಯೇಸು ಅವನ ಮನೆಗೆ ಬಂದ ದಿನವೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದರೆ 4 ಪಟ್ಟು ವಾಪಸ್ ಅಂದ.

ನಮ್ಮ ಸಭೆಯಲ್ಲಿ ವಯಸ್ಸಾದ ಒಬ್ಬ ಅಮ್ಮ ಇದ್ದಾರೆ. ಸಾಕ್ಷಿ ಹೇಳಲು ಎದ್ದು ನಿಲ್ಲುವುದು ಕಡಿಮೆ. ಅವರ ಮನೆಗೆ ಹೋದರೆ ಒಂದು ವಿಷಯ ತಾನಾಗಿ ಕಣ್ಣಿಗೆ ಬೀಳುತ್ತದೆ. ಕೆಲಸಕ್ಕೆ ಬರುವ ಹೆಂಗಸಿಗೆ ಅಲ್ಲಿ ಬೇರೆ ಲೋಟ ಇಲ್ಲ. ಮನೆಯವರು ಕುಡಿಯುವ ಸ್ಟೀಲ್ ಲೋಟದಲ್ಲೇ ಕಾಫಿ, ಅದೂ ಅಡುಗೆಮನೆ ಬಾಗಿಲಲ್ಲಿ ನೆಲದ ಮೇಲೆ ಕೂತು ಅಲ್ಲ, ಇವರ ಎದುರಿಗೆ ಕುರ್ಚಿಯಲ್ಲಿ. ಎಷ್ಟು ವಿಶ್ವಾಸಿಗಳ ಮನೆಯಲ್ಲಿ ಈಗಲೂ ಆ ಬೇರೆ ಲೋಟ ಸಿಂಕ್ ಪಕ್ಕದಲ್ಲಿ ಇದೆ ಅಂತ ನೆನೆದರೆ ನನಗೆ ನಿಜವಾಗಿ ನೋವಾಗುತ್ತದೆ. ಮಗಳ ಬಾಣಂತನಕ್ಕೆ ಅಂತ ಆ ಅಮ್ಮ ಊರು ಬಿಟ್ಟು ಹೋದ ತಿಂಗಳೂ ಕೆಲಸದ ಹೆಂಗಸಿಗೆ ಪೂರ್ತಿ ಸಂಬಳ ಕೊಟ್ಟರು. ಯಾಕೆ ಅಂತ ಕೇಳಿದ್ದಕ್ಕೆ ಬೈಬಲ್‌ನ ಧರ್ಮೋಪದೇಶಕಾಂಡ 24ನೇ ಅಧ್ಯಾಯ ತೆಗೆದು ಕೊಟ್ಟರು. ಬಡವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವುದರೊಳಗೆ ಕೊಡಬೇಕು, ಅವನು ಅದನ್ನೇ ನಂಬಿಕೊಂಡಿದ್ದಾನೆ ಅಂತ ಅಲ್ಲಿದೆ. "ನಾನು ಊರಿಗೆ ಹೋದೆ ಅಂತ ಅವಳ ಮನೆ ಒಲೆ ಆರಬೇಕೇನಪ್ಪಾ?" ಅಂದರು.

ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಯೇಸುವೇ ಹೇಳಿದ್ದಾನಲ್ಲ ಅಂತ ಕೆಲವರು ಕೇಳಬಹುದು. ಹೌದು, ಹೊಗಳಿಕೆಗೋಸ್ಕರ ತುತ್ತೂರಿ ಊದಬೇಡಿ ಅಂದ. ನಿಮ್ಮ ಒಳ್ಳೆಯ ಕೆಲಸ ನೋಡಿ ಜನ ತಂದೆಯನ್ನು ಕೊಂಡಾಡಲಿ ಅಂತಲೂ ಅದೇ ಬೆಟ್ಟದ ಮೇಲಿನ ಪ್ರಸಂಗದಲ್ಲಿ ಹೇಳಿದ. ಆ ಅಮ್ಮ ಯಾರಿಗೂ ಏನೂ ಸಾರಲಿಲ್ಲ, ಆದರೂ ಕೆಲಸದ ಹೆಂಗಸಿಗೆ ಎಲ್ಲ ಗೊತ್ತು.

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಆತ್ಮನ ಫಲ ಅಂತ ಒಂಬತ್ತು ಗುಣಗಳು ಬರುತ್ತವೆ. ಅದರಲ್ಲಿ ದೀರ್ಘಶಾಂತಿ, ಅಂದರೆ ತಾಳ್ಮೆ, ಒಬ್ಬರೇ ಕೋಣೆಯಲ್ಲಿ ಕೂತಾಗ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ವಯಸ್ಸಾದ ಅಪ್ಪ ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದಾಗ ನಮ್ಮ ದನಿ ಹೇಗಿರುತ್ತದೆ, ಅಲ್ಲಿ ಗೊತ್ತಾಗುತ್ತದೆ.

ಅದಕ್ಕೇ ಈ ವಾರ ಒಂದು ಕೆಲಸ ಮಾಡಿ. ಹೋದ ವರ್ಷಕ್ಕಿಂತ ನನ್ನಲ್ಲಿ ಏನಾದರೂ ಬದಲಾಗಿದೆಯಾ ಅಂತ ಮನೆಯವರನ್ನು ಕೇಳಿ. ಮಕ್ಕಳನ್ನು ಕೇಳಿದರೆ ಇನ್ನೂ ಒಳ್ಳೆಯದು, ಅವರು ಸುಮ್ನೆ ಮುಖಸ್ತುತಿ ಮಾಡುವುದಿಲ್ಲ. ಅವರು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ, ಪೂರ್ತಿ ಕೇಳಿ, ಆಮೇಲೆ ಅದನ್ನೇ ಹಿಡಿದು ಪ್ರಾರ್ಥನೆಗೆ ಕೂತುಕೊಳ್ಳಿ.